ಪ್ರಣಾಳಿಕೆಯ ಅಳತೆ ಕೊಡಗಿಗೆ ಹೊಂದಬೇಕಾದರೆ

(ಗೋಣಿಕೊಪ್ಪಲಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದವರು ಮತ್ತು ಬೇರೆ ಬೇರೆ ಪಕ್ಷಗಳ ಸ್ಥಳೀಯ ಕಾರ್ಯಕರ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇವೆ.)

ಎಲ್ಲರಿಗೂ ನಮಸ್ಕಾರ.

ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಕೊಡಗಿನವು ಎರಡು. ಮೊದಲು ಸೋಮವಾರಪೇಟೆಯೂ ಸೇರಿ ಮೂರಿದ್ದವು. 2008ರ ಚುನಾವಣೆಯ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಮಡಿಕೇರಿ ಮತ್ತು ವಿರಾಜಪೇಟೆ ಮಾತ್ರ ಉಳಿದವು. ಬಹುಮತಕ್ಕೆ ಬೇಕಾದ 113 ಸ್ಥಾನ ದಾಟುವ ಲೆಕ್ಕ ಹಾಕಿಕೊಂಡು ಬೆಂಗಳೂರಿನಲ್ಲಿ ಪ್ರಣಾಳಿಕೆ ಬರೆಯುವವರಿಗೆ ನಮ್ಮ ಜಿಲ್ಲೆ ಸಣ್ಣದಾಗಿಯೇ ಕಾಣುತ್ತದೆ. ಅದಕ್ಕೆ ಯಾರನ್ನೂ ದೂರಬೇಕಿಲ್ಲ. ಆದರೆ ಅದರ ಪರಿಣಾಮ ಏನೆಂದು ನಾವು ಸರಿಯಾಗಿ ತಿಳಿದುಕೊಳ್ಳಬೇಕು. ರಾಜ್ಯಮಟ್ಟದ ಕಾರ್ಯಸೂಚಿ ಬಯಲುಸೀಮೆಯ ಊರನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟುತ್ತದೆ. ಅಲ್ಲಿ ಮನೆಗಳು ಒತ್ತಾಗಿ ಇರುತ್ತವೆ, ಮನೆಗೊಂದು ಮೀಟರ್ ಇರುತ್ತದೆ, ಪಹಣಿಯಲ್ಲಿ ಬದುಕಿರುವ ಒಬ್ಬರ ಹೆಸರಿರುತ್ತದೆ, ಊರಿಗೆ ಸರ್ಕಾರಿ ಬಸ್ಸು ಬರುತ್ತದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ ರಾಜ್ಯದಲ್ಲಿ ಸರಾಸರಿ 319 ಜನರಿದ್ದರೆ ಇಲ್ಲಿ 135. ಬೆಟ್ಟಕ್ಕೊಂದು, ಹೊಳೆಬದಿಗೊಂದು ಮನೆ. ಮೇಲೆ ಹೇಳಿದ ನಾಲ್ಕೂ ಇಲ್ಲಿ ಹಾಗಿಲ್ಲ.

ಇವತ್ತು ನಾವು ಹೇಳಬೇಕೆಂದಿರುವುದು ಇದೊಂದನ್ನೇ. ಕೊಡಗಿಗೆ ಯೋಜನೆಗಳ ಕೊರತೆಗಿಂತ ದೊಡ್ಡ ತೊಂದರೆ ಯೋಜನೆಗಳ ಅಳತೆಗೋಲಿನದು. ಪಕ್ಷಗಳ ಮುಂದೆ ಹೊಸ ಯೋಜನೆ ಕೇಳುವ ಮೊದಲು, ಇರುವ ಯೋಜನೆ ಯಾವ ಷರತ್ತಿನಲ್ಲಿ ನಮ್ಮ ಜನರನ್ನು ಹೊರಗಿಡುತ್ತಿದೆ ಎಂದು ಕಂಡುಹಿಡಿದು, ಆ ಒಂದು ಸಾಲನ್ನು ತಿದ್ದಿಸಬೇಕು.

ಪ್ರಣಾಳಿಕೆಗೆ ಕಾನೂನಿನ ಬಲ ಎಷ್ಟು ಎಂಬುದನ್ನು ಮೊದಲು ಮುಗಿಸಿಬಿಡೋಣ. ಗೆದ್ದ ಪಕ್ಷ ಮಾತು ಉಳಿಸಿಕೊಳ್ಳಲಿಲ್ಲವೆಂದು ನ್ಯಾಯಾಲಯಕ್ಕೆ ಹೋದರೆ ಪರಿಹಾರ ಸಿಗುವುದಿಲ್ಲ. ತಮಿಳುನಾಡಿನ ಉಚಿತ ಕೊಡುಗೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಪ್ರಣಾಳಿಕೆಯ ಭರವಸೆ ಚುನಾವಣಾ ಭ್ರಷ್ಟಾಚಾರದ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದಿತು. ಜೊತೆಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಹಾಗಾಗಿ ಮಾದರಿ ನೀತಿಸಂಹಿತೆಯಲ್ಲಿ ಪ್ರಣಾಳಿಕೆಗೆಂದೇ ಒಂದು ಭಾಗ ಸೇರಿದೆ: ಭರವಸೆಯ ಹಿಂದಿನ ಕಾರಣ ಮತ್ತು ಹಣ ಹೊಂದಿಸುವ ದಾರಿ, ಎರಡನ್ನೂ ಸ್ಥೂಲವಾಗಿಯಾದರೂ ಹೇಳಬೇಕು. ಮನೆಬಾಗಿಲಿಗೆ ಬಂದ ಅಭ್ಯರ್ಥಿಯನ್ನು ಈ ಸಾಲು ಹಿಡಿದು ಕೇಳುವ ಹಕ್ಕು ನಿಮಗಿದೆ. ಯಾವ ಇಲಾಖೆ, ಯಾವ ಆದೇಶ, ವರ್ಷಕ್ಕೆ ಎಷ್ಟು ಹಣ, ಮೊದಲ ವರ್ಷ ಕಳೆದ ಮೇಲೆ ನಿರ್ವಹಣೆ ಯಾರದು? ಈ ನಾಲ್ಕಕ್ಕೆ ಉತ್ತರ ಇಲ್ಲದ ಭರವಸೆ ಕೈಗೂಡಿದ್ದು ನಾವು ಕಂಡಂತೆ ಅಪರೂಪ.

ರಾಜ್ಯದ ಕೈಯಲ್ಲಿ ಇಲ್ಲದ್ದನ್ನೂ ಗುರುತಿಸಿಕೊಳ್ಳಿ. ಕಾಫಿ ಮಂಡಳಿ ಕೇಂದ್ರ ವಾಣಿಜ್ಯ ಸಚಿವಾಲಯದ್ದು. ಕರಿಮೆಣಸಿನ ಆಮದು ನಿರ್ಧಾರವೂ ದೆಹಲಿಯದು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿದ್ದು ಕೇಂದ್ರ. ರೈಲು ಸಹ ಅಲ್ಲಿನದೇ. ಇವುಗಳ ಬಗ್ಗೆ ರಾಜ್ಯದ ಪಕ್ಷ ‘ಮಾಡುತ್ತೇವೆ’ ಎಂದು ಬರೆದರೆ ಅದನ್ನು ‘ಒತ್ತಾಯಿಸುತ್ತೇವೆ’ ಎಂದು ಓದಿಕೊಳ್ಳಬೇಕು. ಭೂಮಿ, ಆರೋಗ್ಯ, ಕೃಷಿ, ಪೊಲೀಸ್, ಸ್ಥಳೀಯ ಆಡಳಿತ ಪೂರ್ತಿ ರಾಜ್ಯ ಪಟ್ಟಿಯಲ್ಲಿವೆ. ಅರಣ್ಯ, ವನ್ಯಜೀವಿ, ಶಿಕ್ಷಣ ಮೂರೂ 1976ರ 42ನೇ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ ಹೋದವು. ವಿದ್ಯುತ್ತೂ ಸಮವರ್ತಿ ಪಟ್ಟಿಯದೇ.

ಈಗ ಪಹಣಿಗೆ ಬರೋಣ. ಕೊಡಗಿನ ಅರ್ಧ ಕಷ್ಟ ಇಲ್ಲಿಂದಲೇ ಶುರು.

ಜಮ್ಮಾ ಹಿಡುವಳಿ ಕುಟುಂಬದ ಹಿಡುವಳಿ. ಗದ್ದೆ, ಅದಕ್ಕೆ ಸೊಪ್ಪು, ಸೌದೆ, ಮೇವು ಒದಗಿಸಲು ಅಂಟಿಕೊಂಡ ಬಾಣೆ. 1899ರ ಕೊಡಗು ಭೂ ಮತ್ತು ಕಂದಾಯ ನಿಯಮಾವಳಿಯ ಕಾಲದಿಂದ ದಾಖಲೆ ಕುಟುಂಬದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿ ಸಾಗಿಬಂತು. ಮನೆಯೊಳಗೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ತಲೆಮಾರುಗಳಿಂದ ತೋಟ ಮಾಡುತ್ತಿದ್ದಾರೆ. ಕಾಗದ ಮಾತ್ರ ಅಲ್ಲೇ ನಿಂತಿದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಡಿ ನಡೆಯುವ ಪಹಣಿಯಲ್ಲಿ 9ನೇ ಕಾಲಂ ಸ್ವಾಧೀನದಾರರದು. ಅಲ್ಲಿ ತೀರಿಹೋದ ಪಟ್ಟೇದಾರರ ಹೆಸರು ಇರುತ್ತದೆ, ಇಲ್ಲವೇ ಜಂಟಿಯಾಗಿ ಹತ್ತಿಪ್ಪತ್ತು ಹೆಸರು ಇರುತ್ತವೆ. ಯಾರಿಗೆ ಎಷ್ಟು ಎಂಬ ವಿಸ್ತೀರ್ಣ ಇರುವುದಿಲ್ಲ.

ಇದರಿಂದ ನಿಲ್ಲುವುದು ಏನೇನು ಎಂದು ನೋಡಿ. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಆಧಾರ್ ಹೆಸರು ಪಹಣಿಯ ಹೆಸರಿಗೆ ಜೋಡಣೆಯಾಗಬೇಕು. ಜೋಡಣೆಯಾಗದಿದ್ದರೆ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಸಿಗುವುದಿಲ್ಲ. ಎಫ್‌ಐಡಿ ಇಲ್ಲದಿದ್ದರೆ ಬೆಳೆ ಪರಿಹಾರ ಖಾತೆಗೆ ಬೀಳುವುದಿಲ್ಲ. ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿಗೆ 2019ರ ಫೆಬ್ರುವರಿ 1ರ ದಿನಕ್ಕೆ ಜಮೀನು ಹೆಸರಿನಲ್ಲಿರಬೇಕು. ಬ್ಯಾಂಕಿನಲ್ಲಿ ಬೆಳೆ ಸಾಲ ಕೇಳಿದರೆ ಎಲ್ಲ ಜಂಟಿದಾರರ ಒಪ್ಪಿಗೆ ಕೇಳುತ್ತಾರೆ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸೇನೆಯಲ್ಲಿ, ಮತ್ತೊಬ್ಬರು ವಿದೇಶದಲ್ಲಿ. ಮರ ಕಡಿಯಲು ಅನುಮತಿ ಕೇಳಿದರೆ ಜಮೀನು ರಿಡೀಮ್ಡೋ ಅನ್‌ರಿಡೀಮ್ಡೋ, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದೋ ಅಲ್ಲವೋ, ಎಂಬ ಪ್ರಶ್ನೆ ಬೇರೆ ಏಳುತ್ತದೆ.

ಪಕ್ಷಗಳು ಇಲ್ಲಿ ಸಾಮಾನ್ಯವಾಗಿ ಬರೆಯುವುದು ‘ಜಮ್ಮಾ ಬಾಣೆ ಸಮಸ್ಯೆಗೆ ಶಾಶ್ವತ ಪರಿಹಾರ’ ಎಂದು. ಕಾಯ್ದೆಗೆ ತಿದ್ದುಪಡಿ ತರುವುದು ಬೇಕೇ ಬೇಕು, 2011ರಲ್ಲಿ ಆ ದಿಕ್ಕಿನಲ್ಲಿ ವಿಧಾನಮಂಡಲ ಹೆಜ್ಜೆ ಇಟ್ಟಿದೆ ಕೂಡ. ಆದರೆ ತಿದ್ದುಪಡಿಯಾದ ಮರುದಿನ ನಾಡ ಕಚೇರಿಯಲ್ಲಿ ಏನೂ ಬದಲಾಗಿರುವುದಿಲ್ಲ. ಕೆಲಸ ಸಾಗಬೇಕಾದ ಕ್ರಮ ಹೀಗಿದೆ: ತೀರಿಹೋದವರ ಮರಣ ಪ್ರಮಾಣಪತ್ರ, ನಾಡ ಕಚೇರಿಯಿಂದ ವಂಶವೃಕ್ಷ, ವಾರಸುದಾರರ ಹೆಸರಿಗೆ ಪೌತಿ ಖಾತೆ. ಪೌತಿಯಾದ ಮೇಲೆ ಪಾಲಿನ ಒಪ್ಪಂದ. ಪಾಲು ಮಾಡಬೇಕಾದರೆ ಭೂಮಾಪಕರು ಬಂದು ಪಾಲುಗಳನ್ನು ಅಳೆದು ತೋರಿಸುವ 11ಇ ನಕ್ಷೆ ತಯಾರಿಸಬೇಕು. ನಕ್ಷೆಯ ಮೇಲೆ ನೋಂದಣಿ, ಆಮೇಲೆ ಮ್ಯುಟೇಷನ್ (ದಾಖಲೆಯಲ್ಲಿ ಹೆಸರು ಬದಲಾವಣೆ), ಕೊನೆಗೆ ಸರ್ವೆ ನಂಬರನ್ನು ಪಾಲಿನಂತೆ ಬೇರ್ಪಡಿಸುವ ಪೋಡಿ ದುರಸ್ತಿ. ಪ್ರತಿ ಹಂತವೂ ಹಿಂದಿನದರ ಮೇಲೆ ನಿಂತಿದೆ.

ಎಲ್ಲಿ ಕೆಡುತ್ತದೆ? ನಾಲ್ಕೈದು ತಲೆಮಾರಿನ ಹಿಂದಿನವರ ಮರಣ ನೋಂದಣಿಯೇ ಆಗಿರುವುದಿಲ್ಲ, ನ್ಯಾಯಾಲಯದ ಆದೇಶ ತರಬೇಕಾಗುತ್ತದೆ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟಿರುತ್ತಾರೆ, ಆಮೇಲೆ ತಕರಾರು ಬಂದು ಕಡತ ಹಿಂದಕ್ಕೆ ಹೋಗುತ್ತದೆ. ಇದನ್ನು ಒತ್ತಿ ಹೇಳುತ್ತೇವೆ: ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ಅನ್ಯಾಯದ್ದು, ಜೊತೆಗೆ ಕಾನೂನಿನ ಮುಂದೆ ನಿಲ್ಲುವುದೂ ಇಲ್ಲ. ಮೂರನೆಯದು ಸರ್ವೆ. ದಟ್ಟ ನೆರಳಿನ ತೋಟ, ಕಡಿದಾದ ಇಳಿಜಾರು, ಹಳೆಯ ಕಲ್ಲುಗಳು ಮುಚ್ಚಿಹೋಗಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಅಳತೆ ಸಾಗುವುದಿಲ್ಲ. ಕಾಫಿ ಕೊಯ್ಲು ಶುರುವಾದರೆ ಮನೆಯವರಿಗೇ ಬಿಡುವಿಲ್ಲ. ಉಳಿಯುವುದು ಮಾರ್ಚ್‌ನಿಂದ ಮೇ.

ಹಾಗಾದರೆ ಉಪಯುಕ್ತವಾದ ಭರವಸೆ ಹೇಗಿರುತ್ತದೆ? ಕೊಡಗಿನ ಐದು ತಾಲ್ಲೂಕುಗಳಿಗೆ ಬೇಸಿಗೆಯ ಮೂರು ತಿಂಗಳಿಗೆಂದೇ ಹೆಚ್ಚುವರಿ ಭೂಮಾಪಕರ ತಂಡ. ಗ್ರಾಮವಾರು ವೇಳಾಪಟ್ಟಿಯನ್ನು ಫೆಬ್ರುವರಿಯಲ್ಲೇ ಪಂಚಾಯಿತಿ ಗೋಡೆಗೆ ಹಚ್ಚುವುದು. ಹೊರಗಿರುವ ಜಂಟಿದಾರರು ಇದ್ದ ಊರಿನಿಂದಲೇ ಒಪ್ಪಿಗೆ ಕೊಡುವ ವ್ಯವಸ್ಥೆ. ಪಾಲು ಇತ್ಯರ್ಥವಾಗುವವರೆಗೆ, ತೋಟ ಮಾಡುತ್ತಿರುವವರಿಗೆ ಸ್ಥಳ ಪರಿಶೀಲನೆಯ ಆಧಾರದ ಮೇಲೆ ಬೆಳೆ ಪರಿಹಾರಕ್ಕಷ್ಟೇ ಸೀಮಿತವಾದ ತಾತ್ಕಾಲಿಕ ಎಫ್‌ಐಡಿ. ಈ ಕೊನೆಯದಕ್ಕೆ ಕಾಯ್ದೆ ತಿದ್ದುಪಡಿ ಬೇಕಾಗಲಾರದು. ಕಂದಾಯ ಮತ್ತು ಕೃಷಿ ಇಲಾಖೆಗಳ ಜಂಟಿ ಆದೇಶದಲ್ಲಿ ಸಾಧ್ಯವಾಗಬೇಕಾದ ಕೆಲಸ ಎಂಬುದು ನಮ್ಮ ಅಭಿಪ್ರಾಯ.

ಪರಿಹಾರದ ಮೊತ್ತದ ಬಗ್ಗೆಯೂ ಒಂದು ಮಾತು. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಗರಿಷ್ಠ 2 ಹೆಕ್ಟೇರ್. ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಎಕರೆಗೆ ಸುಮಾರು 9,100 ರೂಪಾಯಿ ಆಯಿತು. ಆಗಸ್ಟ್‌ನ ಮಳೆಗೆ ಕಾಯಿ ಉದುರಿದರೆ ನೆಲದ ಮೇಲೆ ಕೆಲವೇ ದಿನಗಳಲ್ಲಿ ಕೊಳೆತು ಮಣ್ಣಾಗುತ್ತದೆ. ಕಂದಾಯ, ತೋಟಗಾರಿಕೆ, ಕಾಫಿ ಮಂಡಳಿಯವರ ಜಂಟಿ ಸಮೀಕ್ಷೆ ಮಳೆ ನಿಂತ ಮೇಲೆ ಬಂದರೆ ನೋಡಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಮೊತ್ತ ಹೆಚ್ಚಿಸಿ ಎಂದು ಕೇಳುವಾಗಲೇ, ಪಂಚಾಯಿತಿ ಮಟ್ಟದ ಮಳೆಮಾಪಕದಲ್ಲಿ ಇಷ್ಟು ದಿನಗಳಲ್ಲಿ ಇಷ್ಟು ಮಿಲಿಮೀಟರ್ ದಾಟಿದರೆ ಸಮೀಕ್ಷೆ ತಾನಾಗಿ ಶುರುವಾಗಬೇಕು ಎಂದೂ ಕೇಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಪಂಚಾಯಿತಿಗಳಲ್ಲಿ ಆಗಲೇ ಇವೆ.

ಪಹಣಿಯೇ ಇಲ್ಲದವರ ಮಾತು ಇನ್ನೂ ಗಂಭೀರ. ತೋಟದ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿ ಇರುವವರು, ಹಾಡಿಗಳೆಂಬ ಆದಿವಾಸಿ ವಸತಿಗಳಲ್ಲಿ ಇರುವ ಎರವರು, ಜೇನು ಕುರುಬರು, ಬೆಟ್ಟ ಕುರುಬರು. ಕಾಫಿ ಕೊಯ್ಯುವ, ಮೆಣಸಿನ ಬಳ್ಳಿ ಹತ್ತುವ, ನೆರಳು ಮರಗಳ ಕೊಂಬೆ ಕಡಿಯುವ ಮರಕಸಿ ಮಾಡುವ ಕೈಗಳು ಇವರವೇ. ಕೊಡಗಿನ ಅಭಿವೃದ್ಧಿಯ ಚರ್ಚೆಯಲ್ಲಿ ಮಾತ್ರ ಇವರು ಕೊನೆಯ ಸಾಲಿನಲ್ಲಿರುತ್ತಾರೆ. ಇದು ಸಲ್ಲದು.

ಗೃಹಜ್ಯೋತಿಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ತಿಂಗಳಿಗೆ ಗರಿಷ್ಠ 200 ಯೂನಿಟ್ ಉಚಿತ ವಿದ್ಯುತ್. 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಪ್ರತಿ ಮನೆಗೆ ಮಿತಿ ನಿಗದಿಯಾಗುತ್ತದೆ. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡಾವಾರು ಬದಲು 10 ಯೂನಿಟ್ ಸೇರಿಸುವಂತೆ ಆಮೇಲೆ ಬದಲಾಯಿಸಿದರು. ಬಡವರ ಪರವಾದ ಒಳ್ಳೆಯ ತಿದ್ದುಪಡಿ ಅದು. ಆದರೆ ಯೋಜನೆ ನಿಂತಿರುವುದು ಗೃಹಬಳಕೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯ ಮೇಲೆ, ಒಬ್ಬರ ಹೆಸರಿಗೆ ಒಂದೇ ಸಂಪರ್ಕದ ಲೆಕ್ಕದಲ್ಲಿ. ಲೈನ್‌ಮನೆಗಳ ಮೀಟರ್ ಇರುವುದು ತೋಟದ ಮಾಲೀಕರ ಹೆಸರಿನಲ್ಲಿ. ಎಂಟು ಮನೆಯ ಸಾಲಿಗೆ ಒಂದೇ ಮೀಟರ್ ಇದ್ದರೆ ಎಂಟು ಕುಟುಂಬಗಳ ಬಳಕೆ ಕೂಡಿ 200 ದಾಟುತ್ತದೆ, ಆಗ ಒಬ್ಬರಿಗೂ ಇಲ್ಲ. ಬಂಗಲೆಯಿಂದಲೋ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನಿಂದಲೋ ತಂತಿ ಎಳೆದಿದ್ದರೆ ಅರ್ಜಿ ಹಾಕುವ ದಾರಿಯೇ ಇಲ್ಲ. ಬಾಡಿಗೆದಾರರು ಕರಾರು ಪತ್ರ ತೋರಿಸಿ ನೋಂದಾಯಿಸಬಹುದು ಎಂಬ ಅವಕಾಶವಿದೆ, ಆದರೆ ಲೈನ್‌ಮನೆಗೆ ಕರಾರು ಪತ್ರ ಎಲ್ಲಿಯದು?

ಮಾಲೀಕರ ಆತಂಕವನ್ನೂ ನೇರವಾಗಿ ಹೇಳಬೇಕು. ಕೆಲಸಗಾರರ ಹೆಸರಿಗೆ ಮೀಟರ್ ಆದರೆ ನಾಳೆ ಮನೆಯ ಮೇಲೆ ಹಕ್ಕು ಬಂದೀತು ಎಂಬ ಭಯ. ಆ ಭಯ ಇರುವಷ್ಟು ದಿನ ಎಷ್ಟು ಶಿಬಿರ ಮಾಡಿದರೂ ಸಹಿ ಬೀಳುವುದಿಲ್ಲ. ಇಂಧನ ಇಲಾಖೆ ಒಂದು ನಿಗದಿತ ನಮೂನೆ ಹೊರಡಿಸಬೇಕು: ಈ ಸಂಪರ್ಕ ವಾಸದ ದಾಖಲೆ ಮಾತ್ರ, ಒಡೆತನದ ಸಾಕ್ಷ್ಯವಲ್ಲ ಎಂದು ಅದರಲ್ಲೇ ಅಚ್ಚಾಗಿರಬೇಕು. ಮನೆಗೊಂದು ಮೀಟರ್ ಕೂರಿಸುವ ಠೇವಣಿಯನ್ನು ಸರ್ಕಾರ ಭರಿಸಬೇಕು. ಗ್ರಾಮ ಪಂಚಾಯಿತಿ ಲೈನ್‌ಮನೆಗಳಿಗೆ ಪ್ರತ್ಯೇಕ ಸಂಖ್ಯೆ ಕೊಡಬೇಕು. ಈ ಮೂರರಲ್ಲಿ ಒಂದು ಬಿಟ್ಟರೂ ಉಳಿದೆರಡು ಕೆಲಸಕ್ಕೆ ಬಾರವು.

ಮನೆ ಸಂಖ್ಯೆ ಸಿಕ್ಕಿದರೆ ಪಡಿತರ ಚೀಟಿಯ ವಿಳಾಸ ಗಟ್ಟಿಯಾಗುತ್ತದೆ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ಹೆಸರಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ. ಅದು ಕೈಗೆ ಬರದಿರುವುದಕ್ಕೆ ಸಾಮಾನ್ಯ ಕಾರಣ ಬ್ಯಾಂಕ್ ಖಾತೆಗೆ ಆಧಾರ್ ಮ್ಯಾಪಿಂಗ್ ಆಗದಿರುವುದು. ಖಾತೆಗೆ ಆಧಾರ್ ಸಂಖ್ಯೆ ಕೊಟ್ಟರೆ ಸಾಲದು, ನೇರ ನಗದು ಪಡೆಯುವ ಖಾತೆ ಇದೇ ಎಂದು ಎನ್‌ಪಿಸಿಐಯಲ್ಲಿ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆಯಾಗಿರಬೇಕು. ಬ್ಯಾಂಕಿನಲ್ಲಿ ಈ ಪ್ರಶ್ನೆಯನ್ನೇ ಕೇಳಿ. ಒಂದು ದಿನದ ಕೂಲಿ ಬಿಟ್ಟು ಪೇಟೆಗೆ ಬಂದ ಹೆಣ್ಣುಮಗಳು ಬರಿಗೈಯಲ್ಲಿ ಹಿಂತಿರುಗಬಾರದು.

ಹಾಡಿಗಳ ಪ್ರಶ್ನೆ ಅರಣ್ಯ ಹಕ್ಕು ಕಾಯ್ದೆಯದು. 2006ರ ಈ ಕಾಯ್ದೆಯಲ್ಲಿ ವೈಯಕ್ತಿಕ ಹಕ್ಕಿಗೆ ಗರಿಷ್ಠ 4 ಹೆಕ್ಟೇರ್. ಎ ನಮೂನೆ ವೈಯಕ್ತಿಕ, ಬಿ ಸಮುದಾಯ, ಸಿ ಸಮುದಾಯ ಅರಣ್ಯ ಸಂಪನ್ಮೂಲ. ಗ್ರಾಮಸಭೆಯಲ್ಲಿ ಕನಿಷ್ಠ ಅರ್ಧ ಸದಸ್ಯರು ಇರಬೇಕು, ಹಾಜರಾದವರಲ್ಲಿ ಮೂರರಲ್ಲಿ ಒಂದು ಪಾಲು ಮಹಿಳೆಯರು. ಅರ್ಜಿ ಬೀಳುವುದು ಇಲ್ಲಿಯೇ. ಸಭೆಯನ್ನು ಹಾಡಿಯಲ್ಲಿ ಮಾಡದೆ ಪಂಚಾಯಿತಿ ಕೇಂದ್ರದಲ್ಲಿ ಮಾಡುತ್ತಾರೆ, ಕೋರಂ ಆಗುವುದಿಲ್ಲ, ನಿರ್ಣಯ ಊರ್ಜಿತವಾಗುವುದಿಲ್ಲ. ಕಾಗದದ ದಾಖಲೆ ಇಲ್ಲವೆಂದು ತಿರಸ್ಕರಿಸುವುದೂ ಉಂಟು. ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ ಎಂದು ನಿಯಮದಲ್ಲೇ ಇದೆ. ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಸಮಿತಿಗೆ 60 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೊಡದಿದ್ದರೆ ಆ 60 ದಿನ ಎಂದು ಶುರುವಾಯಿತೆಂದೇ ಗೊತ್ತಾಗುವುದಿಲ್ಲ. ಕಾರಣ ಸಹಿತ ಹಿಂಬರಹವನ್ನು ಹಾಡಿಗೇ ತಲುಪಿಸುತ್ತೇವೆ ಎಂದು ಒಂದು ಪಕ್ಷ ಬರೆದುಕೊಟ್ಟರೆ ಸಾವಿರ ಮನೆಯ ಘೋಷಣೆಗಿಂತ ಅದಕ್ಕೆ ಹೆಚ್ಚು ಬೆಲೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಿಂದ ತೆರವಾದ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕೊಟ್ಟರು. ಮುಂದೆ ಇಂಥ ಯಾವ ಯೋಜನೆ ಬರೆದರೂ ಮನೆಯಿಂದ ಕೂಲಿಯ ತೋಟಕ್ಕೆ ಎಷ್ಟು ದೂರ, ಯಾವ ಬಸ್ಸು ಎಂಬುದು ಮನೆಯ ನಕ್ಷೆಯ ಜೊತೆಗೇ ಇರಬೇಕು.

ಬಸ್ಸಿನ ಮಾತು ಬಂದದ್ದಕ್ಕೆ ಹೇಳುವುದು. 2023ರ ಜೂನ್ 11ರಂದು ಶುರುವಾದ, ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರ್ಕಾರಿ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ. ಕೊಡಗಿನ ಒಳದಾರಿಗಳಲ್ಲಿ ಬಹಳಷ್ಟು ಕಡೆ ಓಡುವುದು ಖಾಸಗಿ ಬಸ್ಸು. ಮಡಿಕೇರಿ ಘಟಕ ಸೇರಿರುವುದು ಪುತ್ತೂರು ವಿಭಾಗಕ್ಕೆ. ಇಲ್ಲಿನ ಮಹಿಳೆಯರಿಗೆ ಶಕ್ತಿ ತಲುಪಬೇಕಾದರೆ ಒಳದಾರಿಗೆ ಸಣ್ಣ ಬಸ್ಸು ಬರಬೇಕು, ಅಥವಾ ಖಾಸಗಿ ಬಸ್ಸಿನ ಟಿಕೆಟ್ಟಿಗೆ ಸರ್ಕಾರ ಹಣ ಕೊಡಬೇಕು. ಮೊದಲನೆಯದೇ ಸರಿಯಾದ ದಾರಿ ಎಂದು ನಮಗೆ ತೋರುತ್ತದೆ, ಎರಡನೆಯದರಲ್ಲಿ ಲೆಕ್ಕ ಪರಿಶೀಲನೆ ಕಷ್ಟ.

ಇನ್ನು ಆನೆ.

ಪ್ರಣಾಳಿಕೆಗಳಲ್ಲಿ ಆನೆಗೆ ಇರುವ ಉತ್ತರ ಬೇಲಿ. ಕಂದಕ, ಸೋಲಾರ್ ಬೇಲಿ, ರೈಲ್ವೆ ಕಂಬಿ. ಮೂರನ್ನೂ ಬಿಡಿಸಿ ನೋಡೋಣ. ಕಂದಕ ಸಾಮಾನ್ಯವಾಗಿ ಮೇಲೆ 3 ಮೀಟರ್ ಅಗಲ, 3 ಮೀಟರ್ ಆಳ. ನಮ್ಮ ಮಳೆಗೆ ಅಂಚು ಕುಸಿಯುತ್ತದೆ, ಹೂಳು ತುಂಬುತ್ತದೆ. ಆನೆಯೂ ಅಂಚನ್ನು ಕಾಲಿನಿಂದ ಕೆದಕಿ ದಾರಿ ಮಾಡಿಕೊಳ್ಳುತ್ತದೆ. ಹೊಳೆ, ತೋಡು ಅಡ್ಡ ಬಂದಲ್ಲಿ ಕಂದಕ ತೋಡಲಾಗುವುದಿಲ್ಲ, ಬಂಡೆ ಬಂದಲ್ಲಿ ಆಳ ಸಿಗುವುದಿಲ್ಲ. ಸೋಲಾರ್ ಬೇಲಿಯಲ್ಲಿ ಕಾಡುಬಳ್ಳಿ, ಹುಲ್ಲು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಕಳೆ ತೆಗೆಯಬೇಕು. ಬ್ಯಾಟರಿ ಕೆಲವು ವರ್ಷಗಳಲ್ಲಿ ಬದಲಾಗಬೇಕು, ಮೋಡ ಮುಸುಕಿದ ವಾರಗಳಲ್ಲಿ ಚಾರ್ಜ್ ಸಾಲದು. ಒಣ ಮರವನ್ನು ತಂತಿಯ ಮೇಲೆ ಕೆಡವಿ ದಾಟುವುದು ಆನೆಗೆ ಗೊತ್ತು. ರೈಲ್ವೆ ಕಂಬಿ ಗಟ್ಟಿ, ಆದರೆ ದುಬಾರಿ. ರಸ್ತೆ ಮತ್ತು ಹೊಳೆ ದಾಟುವಲ್ಲಿ ಬಿಟ್ಟ ಸಂದಿಯೇ ಆನೆಯ ಬಾಗಿಲಾಗುತ್ತದೆ. ಇಪ್ಪತ್ತು ಕಿಲೋಮೀಟರ್ ಕಟ್ಟಿ ಇನ್ನೂರು ಮೀಟರ್ ಬಿಟ್ಟರೆ ಕಟ್ಟಿದ್ದೂ ವ್ಯರ್ಥ.

ಅದಕ್ಕಿಂತ ಮೂಲದ ಪ್ರಶ್ನೆ ಬೇರೆ ಇದೆ. ಹಲವು ಆನೆಗಳು ಈಗ ಕಾಫಿ ತೋಟಗಳಲ್ಲೇ ನೆಲೆಸಿವೆ, ಅಲ್ಲೇ ಮರಿ ಹಾಕುತ್ತಿವೆ. ನೆರಳಿದೆ, ಕೆರೆಯಿದೆ, ಮೇ–ಜೂನ್‌ನಲ್ಲಿ ಹಲಸಿದೆ, ಗದ್ದೆಯಲ್ಲಿ ಭತ್ತವಿದೆ. ಕಾಡಂಚಿಗೆ ಬೇಲಿ ಹಾಕಿದರೆ ಒಳಗಿರುವ ಆನೆ ಒಳಗೇ ಉಳಿಯುತ್ತದೆ. ಹೈಕೋರ್ಟ್ ರಚಿಸಿದ ಕರ್ನಾಟಕ ಆನೆ ಕಾರ್ಯಪಡೆ, ವಿಜ್ಞಾನಿ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ಕೊಟ್ಟ ವರದಿಯಲ್ಲಿ ಆನೆ ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆ ತೆರವಿನ ವಲಯ ಎಂದು ಪ್ರದೇಶಗಳನ್ನು ಬೇರ್ಪಡಿಸಿ ನೋಡಬೇಕೆಂದಿತು. ತನ್ನ ಕ್ಷೇತ್ರದ ಯಾವ ಹೋಬಳಿ ಯಾವ ವಲಯ ಎಂದು ಹೇಳದ ಪಕ್ಷ ಆನೆಯ ಬಗ್ಗೆ ಇನ್ನೂ ಏನನ್ನೂ ಹೇಳಿಲ್ಲ ಎಂದೇ ಲೆಕ್ಕ.

‘ಪುಂಡಾನೆ ಹಿಡಿಸುತ್ತೇವೆ’ ಎಂಬ ಮಾತಿಗೂ ಮಿತಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆನೆ ಮೊದಲ ಅನುಸೂಚಿಯ ಪ್ರಾಣಿ. ಮನುಷ್ಯರ ಜೀವಕ್ಕೆ ಅಪಾಯಕಾರಿ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾಗಿ, ಕಾರಣ ಬರೆದು ಆದೇಶ ಮಾಡಬೇಕು. ಶಾಸಕರಾಗಲಿ ಸಚಿವರಾಗಲಿ ಬಾಯಿಮಾತಿನಲ್ಲಿ ಹಿಡಿಸಲಾರರು. ಹಿಡಿದ ಆನೆಯನ್ನು ಇಡಲು ದುಬಾರೆ, ಮತ್ತಿಗೋಡು ಶಿಬಿರಗಳಲ್ಲಿ ಜಾಗ, ಮಾವುತರು, ಮೇವು ಬೇಕು. ಒಂದು ಆನೆ ಹೋದ ಜಾಗಕ್ಕೆ ಇನ್ನೊಂದು ಬರುವುದೂ ಉಂಟು.

ಜೀವ ಉಳಿಸುವ ಕೆಲಸಗಳು ಸಣ್ಣವು, ಬೇಗ ಆಗುವಂಥವು. ತೋಟದಲ್ಲಿ ಆನೆ ಎದುರಾಗುವ ಅಪಾಯ ಹೆಚ್ಚಿರುವುದು ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವಾಗ, ಸಂಜೆ ಹಿಂತಿರುಗುವಾಗ, ಶೌಚಕ್ಕೆ ಕತ್ತಲಲ್ಲಿ ಹೊರಗೆ ಹೋದಾಗ. ಆದ್ದರಿಂದ ಪ್ರತಿ ಲೈನ್‌ಮನೆಗೂ ಬಾಗಿಲ ಪಕ್ಕದಲ್ಲೇ ಶೌಚಾಲಯ ಮತ್ತು ಒಂದು ದೀಪ. ಆನೆಯಿರುವ ಪ್ರದೇಶಗಳಲ್ಲಿ ಕೆಲಸಗಾರರನ್ನು ಜೀಪಿನಲ್ಲೇ ಕರೆದೊಯ್ಯುವ ವ್ಯವಸ್ಥೆ. ಬೆಳಗ್ಗೆ 6 ಗಂಟೆಯೊಳಗೆ ಆನೆ ಎಲ್ಲಿದೆ ಎಂಬ ಸಂದೇಶ. ಮೊಬೈಲ್ ಸಂದೇಶ ಮಾಲೀಕರಿಗೆ ಹೋದರೆ ಸಾಲದು. ನೆಟ್‌ವರ್ಕ್ ಇಲ್ಲದ ಕಡೆ ಸೈರನ್ ಅಥವಾ ಫಲಕ ಬೇಕು, ತೋಟದ ರೈಟರ್ (ಗುಮಾಸ್ತ) ಮೂಲಕ ಕೆಲಸಗಾರರಿಗೆ ತಿಳಿಯಬೇಕು. ಅರಣ್ಯ ಇಲಾಖೆಯ ಕ್ಷಿಪ್ರ ಕಾರ್ಯಪಡೆಯಲ್ಲಿ ಹೊರಗುತ್ತಿಗೆ ಹುಡುಗರೇ ಹೆಚ್ಚಿದ್ದರೆ ಅವರಿಗೆ ತಿಂಗಳ ಸಂಬಳ ತಡವಾಗಬಾರದು, ಜೀವವಿಮೆ ಇರಬೇಕು. ಜೀಪಿಗೆ ಡೀಸೆಲ್ ಇಲ್ಲದ ದಿನ ಪಡೆ ಕಾಗದದ ಮೇಲಷ್ಟೇ ಇರುತ್ತದೆ. ಕಾರ್ಯಸೂಚಿಯಲ್ಲಿ ಬರೆಯಬೇಕಾದ್ದು ಡೀಸೆಲ್, ಸಂಬಳ, ಕಳೆ ತೆಗೆಯುವ ಕೂಲಿ. ಇವೆಲ್ಲ ಪ್ರತಿವರ್ಷದ ಖರ್ಚು. ಕಾಮಗಾರಿಗೆ ಹಣ ಕೊಟ್ಟು ನಿರ್ವಹಣೆಗೆ ಕೊಡದಿರುವುದೇ ಈ ವಿಷಯದಲ್ಲಿ ಮತ್ತೆ ಮತ್ತೆ ಆಗುತ್ತಿರುವ ತಪ್ಪು.

ಆಸ್ಪತ್ರೆಯ ವಿಚಾರದಲ್ಲೂ ಅಳತೆಗೋಲಿನದೇ ತೊಂದರೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಿನಲ್ಲಿ 30,000 ಜನ, ಗುಡ್ಡಗಾಡಿನಲ್ಲಿ 20,000. ಉಪಕೇಂದ್ರಕ್ಕೆ 5,000 ಮತ್ತು 3,000. ಗುಡ್ಡಗಾಡಿನ ಲೆಕ್ಕವೂ ತಲೆ ಎಣಿಕೆಯೇ, ದಾರಿಯ ಎಣಿಕೆ ಅಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಆದರೂ ಹೃದಯ, ಮೆದುಳಿನ ತುರ್ತಿಗೆ ಜನ ಇನ್ನೂ ಮೈಸೂರು, ಮಂಗಳೂರಿನ ದಾರಿ ಹಿಡಿಯುತ್ತಾರೆ. ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿನ ದಾರಿಯಲ್ಲಿ ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಅದು ಕುಸಿದು ಸಂಚಾರವೇ ನಿಂತದ್ದು ಎಲ್ಲರ ನೆನಪಿನಲ್ಲಿದೆ.

‘ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ’ ಎಂದು ಬರೆಯುವುದು ಸುಲಭ. ಹೃದಯದ ರಕ್ತನಾಳದ ಚಿಕಿತ್ಸೆಗೆ ಬೇಕಾದ ಕ್ಯಾಥ್‌ಲ್ಯಾಬ್ ಯಂತ್ರ ಬಂದರೂ ಹೃದ್ರೋಗ ತಜ್ಞರು ರಾತ್ರಿಯೂ ಇರಬೇಕು, ತಂತ್ರಜ್ಞರು, ತೀವ್ರ ನಿಗಾ ಘಟಕ, ರಕ್ತನಿಧಿ, ಕಡಿತವಿಲ್ಲದ ವಿದ್ಯುತ್ ಬೇಕು. ಒಬ್ಬರೇ ತಜ್ಞರಿದ್ದರೆ ಅವರು ರಜೆ ಹಾಕಿದ ದಿನ ಘಟಕ ಮುಚ್ಚಿರುತ್ತದೆ. ಕನಿಷ್ಠ ಮೂರ್ನಾಲ್ಕು ಜನ ಇದ್ದರೆ ಮಾತ್ರ 24 ಗಂಟೆ ಎಂಬ ಮಾತಿಗೆ ಅರ್ಥ. ಗುಡ್ಡಗಾಡಿನ ಭತ್ಯೆ, ವಸತಿ ಇಲ್ಲದೆ ಅವರು ಉಳಿಯುವುದಿಲ್ಲ.

ಅಲ್ಲಿಯವರೆಗೆ ಪ್ರಾಣ ಉಳಿಸುವುದು ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ಮಾಡಿ ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ರಕ್ತನಾಳ ಕಟ್ಟಿದೆ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಕ್ರಮವಿದೆ. ಕೊಡಗಿನಂಥ ಜಿಲ್ಲೆಗೆ ಇದಕ್ಕಿಂತ ಹೊಂದುವ ಯೋಜನೆ ಬೇರೆ ಇಲ್ಲ. ಕೆಡುವುದು ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗಿ ಇಸಿಜಿ ತಲುಪದಿದ್ದಾಗ, ರಾತ್ರಿ ಪಾಳಿಯ ವೈದ್ಯರಿಗೆ ತರಬೇತಿ ಇಲ್ಲದಿದ್ದಾಗ, ಚುಚ್ಚುಮದ್ದಿನ ಅವಧಿ ಮುಗಿದಾಗ. ಪಾರ್ಶ್ವವಾಯುವಿಗೆ ಸಮಯ ನಾಲ್ಕೂವರೆ ಗಂಟೆ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಹೆಪ್ಪುಗಟ್ಟಿದೆಯೋ ರಕ್ತಸ್ರಾವವೋ ತಿಳಿಯದೆ ಮದ್ದು ಕೊಟ್ಟರೆ ಜೀವಕ್ಕೇ ಅಪಾಯ. ಭಾಗಮಂಡಲದಿಂದ, ಶ್ರೀಮಂಗಲದಿಂದ ಸ್ಕ್ಯಾನ್ ಇರುವ ಕಡೆಗೆ ಎಷ್ಟು ನಿಮಿಷ ಎಂಬುದನ್ನು ಅಳೆದು, ಯಾವ ಮನೆಯಿಂದಲೂ ಇಷ್ಟು ನಿಮಿಷಕ್ಕಿಂತ ಹೆಚ್ಚಾಗಬಾರದು ಎಂದು ಬರೆಯುವ ಪಕ್ಷ ಬೇಕು.

ಕರೆಂಟಿನ ಬಗ್ಗೆ ಚಿಕ್ಕದಾಗಿ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ರಾಜ್ಯದಲ್ಲಿ ಉಚಿತ ವಿದ್ಯುತ್ ಇದೆ. ಕಾಫಿ, ಚಹಾ, ರಬ್ಬರ್ ತೋಟಗಳನ್ನು ದರಪಟ್ಟಿಯಲ್ಲಿ ಬೇರೆ ವರ್ಗಕ್ಕೆ ಹಾಕುತ್ತ ಬಂದಿದ್ದಾರೆ. ರೋಬಸ್ಟಾಕ್ಕೆ ಫೆಬ್ರುವರಿ–ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಎಕರೆಗೆ ಒಂದೂವರೆ ಇಂಚು ನೀರೆಂದರೆ ಸುಮಾರು 1.54 ಲಕ್ಷ ಲೀಟರ್, ಆಮೇಲೆ ಹಿಂಬಾಲಿಸುವ ಇನ್ನೊಂದು ಸುತ್ತು. ವರ್ಷದಲ್ಲಿ ಕೆಲವೇ ವಾರಗಳ ಬಳಕೆ. ಎರಡು ಎಕರೆಯ ಸಣ್ಣ ಬೆಳೆಗಾರರನ್ನು ದೊಡ್ಡ ತೋಟದ ಜೊತೆ ಸೇರಿಸುವುದು ಸರಿಯಲ್ಲ. ಆದರೆ ರಿಯಾಯಿತಿ ಘೋಷಿಸುವಾಗ 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ನೆನಪಿರಲಿ: ರಿಯಾಯಿತಿಯ ಹಣವನ್ನು ಸರ್ಕಾರ ಮುಂಗಡವಾಗಿ ಕಂಪನಿಗೆ ಕಟ್ಟಬೇಕು. ಕಟ್ಟದಿದ್ದರೆ ಬಿಲ್ಲು ಹಳೆಯ ದರದಲ್ಲೇ ಬರುತ್ತದೆ, ಬಾಕಿಯೆಂದು ಸಂಪರ್ಕ ಕಡಿಯುತ್ತಾರೆ. ಮಳೆಗಾಲದ ಕತ್ತಲಿಗೆ ಕಾರಣ ಬೆತ್ತಲೆ ತಂತಿಯ ಮೇಲೆ ಬೀಳುವ ಸಿಲ್ವರ್ ಓಕ್ ಮತ್ತು ಕಾಡುಮರ. ಹೊದಿಕೆಯಿರುವ ತಂತಿ, ಚಿಕ್ಕ ಫೀಡರ್, ಮೇ ಮುಗಿಯುವುದರೊಳಗೆ ಕೊಂಬೆ ಕಡಿಯುವುದು, ಖಾಲಿ ಇರುವ ಪವರ್‌ಮ್ಯಾನ್ ಹುದ್ದೆ ತುಂಬುವುದು, ಇಷ್ಟಾದರೆ ಬಹುಪಾಲು ಸರಿಹೋಗುತ್ತದೆ.

ಕೊನೆಯದಾಗಿ ಹಣ ಮತ್ತು ತಿಂಗಳ ಲೆಕ್ಕ. 2025–26ರ ರಾಜ್ಯ ಬಜೆಟ್ 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ, ಅಂದರೆ ಎಂಟರಲ್ಲಿ ಒಂದು ಪಾಲು. ವಿತ್ತೀಯ ಹೊಣೆಗಾರಿಕೆಯ 2002ರ ಕಾಯ್ದೆಯಿಂದಾಗಿ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ ಇರಬೇಕು. ಹಾಗಾಗಿ ಹೊಸ ದೊಡ್ಡ ಯೋಜನೆಗೆ ಜಾಗ ಕಡಿಮೆ. ಹಣವಿದ್ದರೂ ಸರಕು ಸಿಗದಿರುವುದುಂಟು. 2023ರ ಜೂನ್‌ನಲ್ಲಿ ಕೇಂದ್ರ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದಾಗ, ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಬದಲಿಗೆ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಕೊಡಬೇಕಾಯಿತು. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ರಸ್ತೆ, ಸಮುದಾಯ ಭವನ ಬಿಟ್ಟು ಹೆಚ್ಚೇನೂ ಸಾಧ್ಯವಾಗದು.

ಆದರೆ ನಾವು ಇಷ್ಟು ಹೊತ್ತು ಹೇಳಿದವುಗಳಲ್ಲಿ ಹಲವು ಆದೇಶದ ಕೆಲಸ, ಖರ್ಚು ಕಡಿಮೆ. ಲೈನ್‌ಮನೆಯ ಮೀಟರ್ ನಮೂನೆ, ತಾತ್ಕಾಲಿಕ ಎಫ್‌ಐಡಿ, ಮಳೆಮಾಪಕದ ಆಧಾರದ ಸಮೀಕ್ಷೆ, ಹಾಡಿಯಲ್ಲೇ ಗ್ರಾಮಸಭೆ. ಇವಕ್ಕೆ ಚುನಾವಣೆವರೆಗೆ ಕಾಯಬೇಕಿಲ್ಲ. ಹಣ ಬೇಕಾದ ಬೇಡಿಕೆಗಳನ್ನು ಮಾರ್ಚ್‌ನ ಬಜೆಟ್ ಹೊತ್ತಿಗೆ ಕೊಟ್ಟರೆ ತಡವಾಯಿತು. ಇಲಾಖೆಗಳು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅಂದಾಜು ಕಳಿಸಿರುತ್ತವೆ. ಸೆಪ್ಟೆಂಬರ್‌ನಲ್ಲಿ ಮಳೆ ಬಿಟ್ಟ ಕೂಡಲೇ ಗ್ರಾಮಸಭೆ ಸೇರಿಸಿ, ಎಷ್ಟು ಲೈನ್‌ಮನೆಗೆ ಪ್ರತ್ಯೇಕ ಮೀಟರ್ ಇಲ್ಲ, ಎಷ್ಟು ಪಹಣಿಯಲ್ಲಿ ತೀರಿಹೋದವರ ಹೆಸರಿದೆ, ಯಾವ ಊರಿಗೆ ಸರ್ಕಾರಿ ಬಸ್ಸಿಲ್ಲ ಎಂದು ಪಟ್ಟಿ ಮಾಡಿ ನಿರ್ಣಯ ಬರೆಸಿ. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಹಳ್ಳಿಯ ಮಾತನ್ನು ಮೇಲಕ್ಕೆ ಒಯ್ಯುವ ಮೆಟ್ಟಿಲೇ ಇಲ್ಲವಾಯಿತು. ಆದ್ದರಿಂದ ನಿರ್ಣಯದ ಪ್ರತಿ ನೇರವಾಗಿ ಜಿಲ್ಲಾಧಿಕಾರಿಗೆ, ಸಂಬಂಧಪಟ್ಟ ಇಲಾಖೆಯ ಜಿಲ್ಲಾ ಅಧಿಕಾರಿಗೆ, ಇಬ್ಬರೂ ಶಾಸಕರಿಗೆ ಮತ್ತು ಪ್ರತಿ ಪಕ್ಷದ ಜಿಲ್ಲಾ ಘಟಕಕ್ಕೆ ಹೋಗಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ದಿನಾಂಕ ಇರುವ ಆ ಪ್ರತಿಯನ್ನು ಪಂಚಾಯಿತಿ ಕಡತದಲ್ಲಿ ಇಡಿ, ಪ್ರಣಾಳಿಕೆ ಸಮಿತಿ ಅಭಿಪ್ರಾಯ ಕೇಳಲು ಜಿಲ್ಲೆಗೆ ಬಂದ ದಿನ ಮೇಜಿನ ಮೇಲೆ ಇಡಬೇಕಾದ ಕಾಗದ ಅದೇ.